ಭಾರ ಹೊರದ ತೊಲೆಗಳು

ಮುಂಬಯಿಯ ಅಂಧೇರಿ ಪಶ್ಚಿಮದ ಒಂದೇ ಸೊಸೈಟಿಯಲ್ಲಿರುವ ಇಬ್ಬರು ಹೆಂಗಸರು ಎಂದಿಟ್ಟುಕೊಳ್ಳಿ. ಇಬ್ಬರಿಗೂ ಅರವತ್ತೆರಡು ವರ್ಷ. ಇಬ್ಬರೂ ಡೆಕ್ಸಾ ಸ್ಕ್ಯಾನ್ ಮಾಡಿಸಿದ್ದಾರೆ, ಇಬ್ಬರ ಟಿ-ಸ್ಕೋರೂ ಮೈನಸ್ 2.1. ಮಳೆಗಾಲದಲ್ಲಿ ಒಬ್ಬರು ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಬಿದ್ದು, ಕೈಯೂರಿ ಎದ್ದು, ಸೀರೆ ಕೊಡವಿಕೊಂಡು ಲೋಕಲ್ ಹತ್ತಿ ಹೋಗುತ್ತಾರೆ. ಇನ್ನೊಬ್ಬರು ಬಿದ್ದೂ ಇಲ್ಲ. ಗ್ಯಾಸ್ ಸಿಲಿಂಡರನ್ನು ಒಂದು ಗೇಣು ಸರಿಸಲು ಬಗ್ಗಿದ್ದಷ್ಟೇ. ಬೆನ್ನಲ್ಲಿ ಛಳಕ್ ಎಂದಿತು. ಎಕ್ಸ್‌ರೇ ತೆಗೆದರೆ ಬೆನ್ನೆಲುಬಿನ ಒಂದು ಮಣಿಯ ಮುಂಭಾಗ ಕುಸಿದು ಕೂತಿದೆ.

ಸ್ಕ್ಯಾನ್ ಸುಳ್ಳು ಹೇಳಿರಲಿಲ್ಲ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿತ್ತು. ಡೆಕ್ಸಾ ಯಂತ್ರ ಎರಡು ಬೇರೆಬೇರೆ ಶಕ್ತಿಯ ಎಕ್ಸ್ ಕಿರಣಗಳನ್ನು ದೇಹದ ಮೂಲಕ ಹಾಯಿಸಿ, ನೆರಳಿನ ಒಂದೊಂದು ಚದರ ಸೆಂಟಿಮೀಟರಿನಲ್ಲಿ ಎಷ್ಟು ಗ್ರಾಂ ಖನಿಜವಿದೆ ಎಂದು ಲೆಕ್ಕ ಹಾಕುತ್ತದೆ. ಆ ಲೆಕ್ಕವನ್ನು ಆರೋಗ್ಯವಂತ ಯುವತಿಯರ ಸರಾಸರಿಯ ಪಕ್ಕದಲ್ಲಿಟ್ಟರೆ ಬರುವುದು ಟಿ-ಸ್ಕೋರ್. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೈನಸ್ 2.5ಕ್ಕೆ ಒಂದು ಗೆರೆ ಎಳೆಯಿತು. ಗೆರೆಯ ಕೆಳಗಿನವರಿಗೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆಸವೆತ. ಆದರೆ ವಯಸ್ಸಾದವರ ಮೂಳೆಮುರಿತಗಳಲ್ಲಿ ಬಹಳಷ್ಟು ನಡೆಯುವುದು ಗೆರೆಯ ಮೇಲಿರುವವರಲ್ಲಿ. ಅಂಥವರ ಸಂಖ್ಯೆಯೇ ದೊಡ್ಡದು ಎಂಬುದು ಅದಕ್ಕೆ ಒಂದು ಕಾರಣ. ಮೂಳೆ ಎಷ್ಟಿದೆ ಎಂದು ಹೇಳುವ ನೆರಳು, ಅದು ಹೇಗೆ ಜೋಡಿಸಿಕೊಂಡಿದೆ ಎಂದು ಹೇಳಲಾರದು ಎಂಬುದು ಇನ್ನೊಂದು. ಈ ಅಧ್ಯಾಯ ಆ ಎರಡನೆಯ ಕಾರಣದ ಬಗ್ಗೆ.

ಮೂಳೆ ಎಂದರೆ ನಮ್ಮ ಕಣ್ಣಿಗೆ ಬರುವುದು ಸಾರಿನಲ್ಲಿ ಸಿಗುವ ಗಟ್ಟಿ ನಳಿಗೆ. ಅದು ಹೊರಗಿನ ಗಟ್ಟಿಮೂಳೆ, ನಮ್ಮ ಅಸ್ಥಿಪಂಜರದ ತೂಕದಲ್ಲಿ ನೂರಕ್ಕೆ ಎಂಬತ್ತು ಪಾಲು. ಉಳಿದ ಇಪ್ಪತ್ತು ಪಾಲು ಸ್ಪಂಜು ಮೂಳೆ. ಉದ್ದ ಮೂಳೆಗಳ ತುದಿಗಳಲ್ಲಿ, ಮಣಿಕಟ್ಟಿನಲ್ಲಿ, ಹಿಮ್ಮಡಿಯಲ್ಲಿ, ಬೆನ್ನೆಲುಬಿನ ಮಣಿಗಳ ಒಳಗೆ ಅದು ತುಂಬಿಕೊಂಡಿದೆ. ಸ್ಪಂಜು ಎಂದ ಮಾತ್ರಕ್ಕೆ ಮೆತ್ತಗಿದೆ ಎಂದುಕೊಳ್ಳಬೇಡಿ. ಕೂದಲೆಳೆಗಿಂತ ತುಸು ದಪ್ಪದ, ಅಂದರೆ ಸುಮಾರು 0.1ರಿಂದ 0.2 ಮಿಲಿಮೀಟರ್ ದಪ್ಪದ ಕಿರುತೊಲೆಗಳೂ ಹಲಗೆಗಳೂ ಒಂದಕ್ಕೊಂದು ಬೆಸೆದ ಜಾಲ ಅದು. ನಡುವಿನ ಖಾಲಿ ಜಾಗದಲ್ಲಿ ಮಜ್ಜೆ. ಆರೋಗ್ಯವಂತ ಯುವಕರ ಬೆನ್ನಿನ ಮಣಿಯ ಒಳಗೂ ಮೂಳೆಯ ಪಾಲು ಸುಮಾರು ಐದರಲ್ಲೊಂದು ಮಾತ್ರ. ಮುಪ್ಪಿನಲ್ಲಿ ಅದು ಹತ್ತರಲ್ಲೊಂದಕ್ಕೆ, ಅದಕ್ಕೂ ಕೆಳಕ್ಕೆ ಇಳಿಯಬಹುದು. ವರ್ಸೋವಾದ ಕೋಳಿ ಎಂಬ ಮೀನುಗಾರ ಸಮುದಾಯದ ಹೆಂಗಸಾಗಲಿ ಮಲ್ಪೆಯ ಮೊಗವೀರ ಹೆಂಗಸಾಗಲಿ ಮೀನಿನ ಬುಟ್ಟಿಯನ್ನು ತಲೆಯ ಮೇಲಿಟ್ಟು ನಡೆಯುವಾಗ ಆ ಭಾರ ಮಣಿಯಿಂದ ಮಣಿಗೆ ಇಳಿಯುವುದು ಬಹುಪಾಲು ಖಾಲಿಯೇ ಆಗಿರುವ ಈ ಜಾಲದ ಮೂಲಕ.

ಹಾಗಾದರೆ ಇದರ ಬಲ ಎಲ್ಲಿದೆ? ಎಂಜಿನಿಯರರು ಮಾಡುವುದನ್ನೇ ಮೊದಲು ಮಾಡಿದರು: ಮೂಳೆಯ ತುಂಡುಗಳನ್ನು ಯಂತ್ರದ ಬಾಯಿಗಿಟ್ಟು ಒತ್ತಿದರು. ಮನುಷ್ಯರ ಮತ್ತು ದನಗಳ ಮೂಳೆಗಳನ್ನು ಹೀಗೆ ಪರೀಕ್ಷಿಸಿದ ಡೆನ್ನಿಸ್ ಕಾರ್ಟರ್ ಮತ್ತು ವಿಲ್ಸನ್ ಹೇಯ್ಸ್ 1977ರಲ್ಲಿ ಒಂದು ಸರಳ ಸಂಬಂಧವನ್ನು ಮುಂದಿಟ್ಟರು. ಒತ್ತಡವನ್ನು ತಾಳುವ ಬಲ ಸಾಂದ್ರತೆಯ ವರ್ಗಕ್ಕೆ ಅನುಗುಣ. ಸಾಂದ್ರತೆ ಅರ್ಧವಾದರೆ ಬಲ ಅರ್ಧವಲ್ಲ, ಕಾಲು. ಡೆಕ್ಸಾ ಅಂಕೆ ನಿರುಪಯೋಗಿಯಲ್ಲ ಎನ್ನುವುದಕ್ಕೆ ಇದೇ ಆಧಾರ. ಆದರೆ ಅದೇ ಯಂತ್ರದಲ್ಲಿ ಬೆನ್ನಿನ ಮಣಿಯಿಂದ ಕತ್ತರಿಸಿದ ಒಂದು ಘನಾಕಾರದ ತುಂಡನ್ನು ಮೇಲಿಂದ ಒತ್ತಿ, ಅಂಥದ್ದೇ ಇನ್ನೊಂದನ್ನು ಮಗ್ಗುಲಿಂದ ಒತ್ತಿ ನೋಡಿ. ಮೂಳೆಯ ಪ್ರಮಾಣ ಒಂದೇ ಇದ್ದರೂ ಮೇಲಿಂದ ಒತ್ತಿದ್ದು ಎರಡು-ಮೂರು ಪಟ್ಟು ಹೆಚ್ಚು ತಾಳುತ್ತದೆ. ವ್ಯತ್ಯಾಸ ಇರುವುದು ಕಿರುತೊಲೆಗಳು ಮುಖಮಾಡಿದ ದಿಕ್ಕಿನಲ್ಲಿ.

ಈಗ ಮಣಿಯ ಒಳಗಿನ ತೊಲೆಗಳನ್ನು ಹತ್ತಿರದಿಂದ ನೋಡೋಣ. ದಪ್ಪಗಿರುವವು ಮೇಲಿಂದ ಕೆಳಕ್ಕೆ ನಿಂತಿವೆ. ಅವೇ ಭಾರ ಹೊರುವವು. ಅವುಗಳ ನಡುವೆ ಅಡ್ಡಡ್ಡಲಾಗಿ ತೆಳ್ಳನೆಯವು. ಬುಟ್ಟಿಯ ಭಾರ ನೇರ ಕೆಳಗಿಳಿಯುವಾಗ ಈ ಅಡ್ಡತೊಲೆಗಳ ಮೇಲೆ ಹೆಚ್ಚೇನೂ ಬೀಳುವುದಿಲ್ಲ. ತೂಕ ಉಳಿಸುವ ಹುಮ್ಮಸ್ಸಿನ ಎಂಜಿನಿಯರ್ ಯಾರಾದರೂ ಮೊದಲು ಕಿತ್ತು ಹಾಕುವುದು ಇವನ್ನೇ. ಹಾಗೆ ಕಿತ್ತರೆ ಏನಾಗುತ್ತದೆಂದು ತಿಳಿಯಲು ಅಂಧೇರಿಯಲ್ಲಿ ತಲೆಯೆತ್ತಿ ನೋಡಿದರೆ ಸಾಕು. ಯಾವ ಗಲ್ಲಿಗೆ ಹೋದರೂ ಒಂದಾದರೂ ಕಟ್ಟಡ ರಿಪೇರಿಗೆ ಕೂತಿರುತ್ತದೆ, ಅದರ ಮೈಗೆ ಬೊಂಬಿನ ಸಾರವೆ ಕಟ್ಟಿರುತ್ತದೆ. ಭಾರವೆಲ್ಲ ನೆಟ್ಟನೆ ನಿಂತ ಬೊಂಬುಗಳ ಮೇಲೆ. ಮಹಡಿಗೊಂದರಂತೆ ಅಡ್ಡ ಕಟ್ಟಿದ ಬೊಂಬು ಮಾಡುವ ಮುಖ್ಯ ಕೆಲಸ, ನಿಂತ ಬೊಂಬು ಪಕ್ಕಕ್ಕೆ ಬಾಗದಂತೆ ನಡುನಡುವೆ ಹಿಡಿದಿಡುವುದು. ಹಗ್ಗ ಬಿಚ್ಚಿ ಆ ಅಡ್ಡಬೊಂಬನ್ನು ತೆಗೆದರೆ ನಿಂತ ಬೊಂಬು ಒಂದಿಷ್ಟೂ ತೂಕ ಕಳೆದುಕೊಂಡಿರುವುದಿಲ್ಲ, ಆದರೆ ಬಾಗತೊಡಗುತ್ತದೆ.

ಎಷ್ಟು ಬೇಗ ಬಾಗುತ್ತದೆ? ಇದಕ್ಕೆ ಲೆಯೊನಾರ್ಡ್ ಆಯ್ಲರ್ 1744ರಲ್ಲೇ ಉತ್ತರ ಬರೆದಿಟ್ಟಿದ್ದಾನೆ. ತೆಳ್ಳನೆಯ ಕಂಬವೊಂದು ಯಾವ ಭಾರಕ್ಕೆ ಹಠಾತ್ತನೆ ಪಕ್ಕಕ್ಕೆ ಬಾಗುತ್ತದೋ ಆ ಭಾರ, ಆಧಾರವಿಲ್ಲದ ಉದ್ದದ ವರ್ಗಕ್ಕೆ ವಿಲೋಮ. ಎರಡು ಅಡ್ಡಗಳ ನಡುವಿನ ಉದ್ದ ದುಪ್ಪಟ್ಟಾದರೆ ಕಂಬ ತಾಳುವ ಭಾರ ಕಾಲಂಶಕ್ಕೆ ಇಳಿಯುತ್ತದೆ. ಸತತ ಎರಡು ಅಡ್ಡಗಳು ಹೋಗಿ ಉದ್ದ ಮೂರು ಪಟ್ಟಾದರೆ ಒಂಬತ್ತರಲ್ಲೊಂದು. ಒಂದು ಅಡ್ಡತೊಲೆಯಲ್ಲಿರುವ ಖನಿಜ ಎಷ್ಟು ಮಹಾ? ಡೆಕ್ಸಾದ ನೆರಳಿನಲ್ಲಿ ಅದರ ಲೆಕ್ಕ ಗೋಚರಿಸುವುದೂ ಇಲ್ಲ. ಸಮೀಕರಣದಲ್ಲಿ ದಪ್ಪದ ಮಾತೂ ಇದೆ, ಅದು ಇನ್ನೂ ಕಠೋರ: ದುಂಡು ಕಂಬವಾದರೆ ಭಾರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣ. ವ್ಯಾಸದಲ್ಲಿ ನೂರಕ್ಕೆ ಹತ್ತು ಸವೆದರೆ ಬಾಗುವಿಕೆಯನ್ನು ತಡೆಯುವ ಬಲದಲ್ಲಿ ಮೂರರಲ್ಲೊಂದು ಭಾಗ ಹೋಯಿತು. ನಿಜವಾದ ಮೂಳೆ ಇಷ್ಟು ಶುದ್ಧ ಗಣಿತದಂತೆ ನಡೆಯುವುದಿಲ್ಲ. ಅದರ ತೊಲೆಗಳು ವಕ್ರ, ಕೆಲವು ಹಲಗೆಯಂಥವು, ಸಂದುಗಳು ದಪ್ಪ. ಬಾಗುವುದೂ ಮುರಿಯುವುದೂ ಬೆರೆತು ನಡೆಯುತ್ತವೆ. ಆದರೂ ದಿಕ್ಕು ಇದೇ. ಕಂಪ್ಯೂಟರಿನಲ್ಲಿ ಮಣಿಯ ಮೂಳೆಜಾಲದ ಮಾದರಿ ಕಟ್ಟಿ ಮ್ಯಾಥ್ಯೂ ಸಿಲ್ವಾ ಮತ್ತು ಲೋರ್ನಾ ಗಿಬ್ಸನ್ 1997ರಲ್ಲಿ ಇದನ್ನೇ ತೋರಿಸಿದರು. ಒಂದೇ ಪ್ರಮಾಣದ ಮೂಳೆಯನ್ನು ಎಲ್ಲ ತೊಲೆಗಳಿಂದ ತುಸುತುಸು ಸವೆಸುವುದಕ್ಕಿಂತ, ಕೆಲವು ತೊಲೆಗಳನ್ನು ಪೂರ್ತಿ ತೆಗೆದುಬಿಡುವುದು ಹಲವು ಪಟ್ಟು ಹೆಚ್ಚು ಹಾನಿ ಮಾಡುತ್ತದೆ. ಅಂಧೇರಿಯ ಆ ಇಬ್ಬರು ಹೆಂಗಸರಲ್ಲೂ ಕಳೆದುಹೋದ ಮೂಳೆ ಅಷ್ಟೇ ಇದ್ದರೂ ಒಬ್ಬರಲ್ಲಿ ತೊಲೆಗಳು ತೆಳುವಾಗಿದ್ದಿರಬಹುದು, ಇನ್ನೊಬ್ಬರಲ್ಲಿ ತೊಲೆಗಳೇ ಇಲ್ಲವಾಗಿರಬಹುದು.

ಹೀಗೆ ಎರಡು ದಾರಿಗಳಿವೆ ಎಂಬುದನ್ನು ಕಂಡುಹಿಡಿದ ಕಥೆ ಸೊಗಸಾಗಿದೆ. ಮೈಕೆಲ್ ಪಾರ್ಫಿಟ್ ಮತ್ತು ಸಂಗಡಿಗರು ಸೊಂಟದ ಮೂಳೆಯಿಂದ ತೆಗೆದ ಚೂರುಗಳನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಅಳೆದು, ವಯಸ್ಸಾಗುತ್ತ ಸ್ಪಂಜು ಮೂಳೆ ಕಡಿಮೆಯಾಗುವುದು ಮುಖ್ಯವಾಗಿ ತೊಲೆಗಳು ಪೂರ್ತಿ ಮಾಯವಾಗುವುದರಿಂದ ಎಂದು 1983ರಲ್ಲಿ ವಾದಿಸಿದರು. ನಂತರದ ಅಧ್ಯಯನಗಳಲ್ಲಿ ಗಂಡಸು-ಹೆಂಗಸರ ವ್ಯತ್ಯಾಸ ಸ್ಪಷ್ಟವಾಯಿತು: ಗಂಡಸರಲ್ಲಿ ತೊಲೆಗಳು ಹೆಚ್ಚಾಗಿ ಸವೆಯುತ್ತವೆ, ಹೆಂಗಸರಲ್ಲಿ ಕಾಣೆಯಾಗುತ್ತವೆ. ಡೆನ್ಮಾರ್ಕಿನ ಲಿಸ್ ಮೊಸೆಕಿಲ್ಡೆ ಬೆನ್ನಿನ ಮಣಿಗಳಲ್ಲಿ ಇನ್ನೊಂದು ಸಂಗತಿ ಕಂಡರು. ಮೊದಲು ಹೋಗುವುದು ಅಡ್ಡತೊಲೆಗಳು.

ಅಡ್ಡಗಳೇ ಏಕೆ? ನಮ್ಮ ಮೂಳೆ ಸದಾ ರಿಪೇರಿಯಲ್ಲಿರುವ ವಸ್ತು. ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳು ಹಳೆಯ ಮೂಳೆಯನ್ನು ಕರಗಿಸಿ ಗುಳಿ ತೋಡುತ್ತವೆ. ಆಸ್ಟಿಯೊಬ್ಲಾಸ್ಟ್‌ಗಳು ಹಿಂದೆಯೇ ಬಂದು ತುಂಬುತ್ತವೆ. ತೋಡಲು ಕೆಲವೇ ವಾರ ಸಾಕು, ತುಂಬಲು ತಿಂಗಳುಗಳು ಬೇಕು. ಗುಳಿಯ ಆಳ ಸುಮಾರು 0.05 ಮಿಲಿಮೀಟರ್. ದಪ್ಪ ತೊಲೆಗೆ ಇದೊಂದು ಗಾಯ, ಅಷ್ಟೇ. ಆದರೆ 0.1 ಮಿಲಿಮೀಟರಿಗಿಂತ ತೆಳುವಾದ ಅಡ್ಡತೊಲೆಯಲ್ಲಿ ಎರಡು ಕಡೆಯಿಂದ ಗುಳಿ ಬಿದ್ದರೆ ತೊಲೆಯೇ ತುಂಡು. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ತೋಡುವವರ ಸಂಖ್ಯೆಯೂ ಆಯುಸ್ಸೂ ಹೆಚ್ಚಿದಾಗ ಇಂಥ ತುಂಡಾಗುವಿಕೆ ಭರದಿಂದ ನಡೆಯುತ್ತದೆ. ತುಂಬುವ ಕೋಶಗಳಿಗೆ ಕೂರಲು ಒಂದು ಮೈ ಬೇಕು. ಖಾಲಿ ಜಾಗದಲ್ಲಿ ಅವು ಹೊಸ ತೊಲೆ ಕಟ್ಟಲಾರವು. ತುಂಡಾದ ಅಡ್ಡ ಹೋಯಿತೆಂದರೆ ಹೋದಂತೆ.

ಮೂಳೆ ಸುಮ್ಮನೆ ಕೂರುವುದೂ ಇಲ್ಲ. ಅಡ್ಡಗಳು ಹೋದ ಮೇಲೆ ಉಳಿದ ನಿಲುತೊಲೆಗಳ ಮೇಲೆ ಭಾರ ಹೆಚ್ಚುತ್ತದೆ, ಕೆಲವು ದಪ್ಪವಾಗುತ್ತವೆ. ದಿನನಿತ್ಯದ ನೇರ ಭಾರಕ್ಕೆ ಜಾಲ ಹೊಂದಿಕೊಂಡುಬಿಡುತ್ತದೆ. ಒಂದು ದಿನ ಸಿಲಿಂಡರ್ ಎಳೆಯಲು ಓರೆಯಾಗಿ ಬಗ್ಗಿದಾಗ ಬರುವ ಓರೆಬಲಕ್ಕೆ ಮಾತ್ರ ಅದರ ಹತ್ತಿರ ಉತ್ತರವಿರುವುದಿಲ್ಲ.

ಭಾರಕ್ಕೆ ತಕ್ಕಂತೆ ಹೊಂದಿಕೊಳ್ಳುವ ಈ ಗುಣ ಮೊದಲು ಕಣ್ಣಿಗೆ ಬಿದ್ದದ್ದು ಬೆನ್ನಿನಲ್ಲಲ್ಲ, ತೊಡೆಮೂಳೆಯ ತಲೆಯಲ್ಲಿ. ಜ್ಯೂರಿಕ್‌ನ ಅಂಗರಚನಾ ಪ್ರಾಧ್ಯಾಪಕ ಹರ್ಮನ್ ಫಾನ್ ಮೇಯರ್ ತೊಡೆಮೂಳೆಯ ಮೇಲ್ತುದಿಯನ್ನು ಉದ್ದಕ್ಕೆ ಸೀಳಿ, ಅದರೊಳಗಿನ ಕಿರುತೊಲೆಗಳು ಕಮಾನುಗಳಾಗಿ ಸಾಲುಗಟ್ಟಿರುವುದನ್ನು 1866ರಲ್ಲಿ ಅಲ್ಲಿನ ವಿಜ್ಞಾನ ಸಂಘದಲ್ಲಿ ತೋರಿಸಿದ. ಸಭೆಯಲ್ಲಿ ಕಾರ್ಲ್ ಕುಲ್ಮನ್ ಇದ್ದ, ಎಂಜಿನಿಯರ್. ಬಾಗಿದ ಕ್ರೇನಿನ ತೋಳಿನಲ್ಲಿ ಒತ್ತುವ ಮತ್ತು ಎಳೆಯುವ ಬಲಗಳು ಹರಿಯುವ ಗೆರೆಗಳನ್ನು ಕಾಗದದ ಮೇಲೆ ಬಿಡಿಸುವುದು ಅವನ ವಿದ್ಯೆ. ಮೂಳೆಯ ಸೀಳಿನಲ್ಲಿ ಅವನಿಗೆ ತನ್ನದೇ ಚಿತ್ರ ಕಂಡಿತು. ತೊಡೆಮೂಳೆಯ ತಲೆ ಕಂಬದ ನೆತ್ತಿಯ ಮೇಲೆ ನೇರವಾಗಿಲ್ಲ, ಕತ್ತಿನ ಮೂಲಕ ಪಕ್ಕಕ್ಕೆ ಚಾಚಿಕೊಂಡಿದೆ. ಹಾಗಾಗಿ ದೇಹದ ಭಾರ ಬಿದ್ದಾಗ ಕತ್ತಿನ ಕೆಳಬದಿ ಒತ್ತಡದಲ್ಲಿ, ಮೇಲ್ಬದಿ ಎಳೆತದಲ್ಲಿ ಇರುತ್ತದೆ. ತೊಲೆಗಳ ಸಾಲುಗಳು ಈ ಎರಡನ್ನೂ ಅನುಸರಿಸಿದ್ದವು. ಬರ್ಲಿನ್ನಿನ ಶಸ್ತ್ರವೈದ್ಯ ಯೂಲಿಯುಸ್ ವುಲ್ಫ್ ಇದನ್ನು ಹಿಡಿದುಕೊಂಡು ಎರಡು ದಶಕ ದುಡಿದು 1892ರಲ್ಲಿ ಮೂಳೆಯ ರೂಪಾಂತರದ ನಿಯಮ ಎಂಬ ಗ್ರಂಥ ಬರೆದ. ಹೆಸರು ನಿಂತದ್ದು ವುಲ್ಫ್‌ನದು. ತೊಲೆಗಳು ಎಲ್ಲೆಡೆಯೂ ಲಂಬಕೋನದಲ್ಲೇ ಸಂಧಿಸುತ್ತವೆ ಎಂಬ ಅವನ ಹಟ ಮೂಳೆಯಲ್ಲಿ ನಿಜವಲ್ಲ. ಕುಲ್ಮನ್ನನ ಚಿತ್ರವೂ ಒಳಗೆ ಗಟ್ಟಿಯಾಗಿರುವ ಕ್ರೇನಿನದು, ತೂತುಗಳ ಜಾಲದ್ದಲ್ಲ. ನಿಯಮಕ್ಕಿಂತ ಅದರ ಹಿಂದಿನ ಊಹೆ, ಅಂದರೆ ಮೂಳೆ ಭಾರವನ್ನು ಓದಿಕೊಂಡು ತನ್ನನ್ನು ಕಟ್ಟಿಕೊಳ್ಳುತ್ತದೆ ಎಂಬುದು, ಹೆಚ್ಚು ಬಾಳಿಕೆಯದಾಯಿತು ಎಂದು ನನಗನ್ನಿಸುತ್ತದೆ. ಐಫೆಲ್ ಗೋಪುರವನ್ನು ತೊಡೆಮೂಳೆ ನೋಡಿ ಕಟ್ಟಿದರು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದರಲ್ಲಿರುವ ನಿಜ ಇಷ್ಟು: ಗೋಪುರದ ಮೊದಲ ನಕ್ಷೆ ಬಿಡಿಸಿದ ಮೋರಿಸ್ ಕೋಕ್ಲಾಂ ಜ್ಯೂರಿಕ್‌ನಲ್ಲಿ ಕುಲ್ಮನ್ನನ ಶಿಷ್ಯನಾಗಿದ್ದ.

ಮೂಳೆ ಭಾರವನ್ನು ಓದುತ್ತದೆ ಎಂಬ ಊಹೆಗೆ ಅಚ್ಚುಕಟ್ಟಾದ ಸಾಕ್ಷಿ ಸಿಕ್ಕಿದ್ದು ಕೋಳಿಗಳಿಂದ. 2006ರಲ್ಲಿ ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು ಗಿನಿ ಕೋಳಿಗಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರು, ಅಂಧೇರಿಯ ಜಿಮ್ಮುಗಳಲ್ಲಿ ಮನುಷ್ಯರು ದುಡ್ಡು ಕೊಟ್ಟು ಓಡುವಂತೆಯೇ. ಕೆಲವು ಸಮತಟ್ಟಿನಲ್ಲಿ, ಕೆಲವು ಏರಿನಲ್ಲಿ. ಏರು ಹತ್ತುವಾಗ ಮೊಣಕಾಲು ಹೆಚ್ಚು ಮಡಚಿರುವಾಗ ಭಾರ ಬೀಳುತ್ತದೆ, ಭಾರದ ದಿಕ್ಕು ಕೆಲವು ಡಿಗ್ರಿ ವಾಲುತ್ತದೆ. ವಾರಗಳ ನಂತರ ಮೊಣಕಾಲಿನ ಸ್ಪಂಜು ಮೂಳೆಯನ್ನು ನೋಡಿದರೆ ತೊಲೆಗಳ ದಿಕ್ಕೂ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ವಾಲಿತ್ತು. ಈ ಓದಿನ ಕೆಲಸ ಮಾಡುವವು ಮೂಳೆಯೊಳಗೆ ಹೂತುಕೊಂಡಿರುವ ಆಸ್ಟಿಯೊಸೈಟ್ ಕೋಶಗಳು. ಮೂಳೆ ಅತಿ ಸೂಕ್ಷ್ಮವಾಗಿ ಬಳುಕಿದಾಗ ಕಿರುಗಾಲುವೆಗಳಲ್ಲಿ ಹರಿಯುವ ದ್ರವದಿಂದ ಅವಕ್ಕೆ ಸುದ್ದಿ ಮುಟ್ಟುತ್ತದೆ.

ತೊಡೆಮೂಳೆಯ ಈ ಸಾಲುಗಳನ್ನು ಸಾಮಾನ್ಯ ಎಕ್ಸ್‌ರೇಯಲ್ಲೇ ಓದಬಹುದು ಎಂದು ತೋರಿಸಿದವರು ಭಾರತೀಯರು. ಮನಮೋಹನ್ ಸಿಂಗ್ (ಪ್ರಧಾನಿಯಾದವರಲ್ಲ), ನಾಗರತ್ ಮತ್ತು ಮೈನಿ ಎಂಬ ವೈದ್ಯರು 1970ರಲ್ಲಿ ಪ್ರಕಟಿಸಿದ ಸಿಂಗ್ ಸೂಚ್ಯಂಕ ಜಗತ್ತಿನ ಪಠ್ಯಪುಸ್ತಕಗಳನ್ನು ಸೇರಿತು. ಆರರಿಂದ ಒಂದಕ್ಕೆ ಇಳಿಯುವ ಮೆಟ್ಟಿಲು ಅದು. ಆರರಲ್ಲಿ ಎಲ್ಲ ಸಾಲುಗಳೂ ಕಾಣುತ್ತವೆ. ಇಳಿದಂತೆ ಮೊದಲು ಎರಡನೆಯ ದರ್ಜೆಯವು ಮಸುಕಾಗುತ್ತವೆ, ಆಮೇಲೆ ಎಳೆತ ತಾಳುವ ಮುಖ್ಯ ಕಮಾನು ಕಡಿಯುತ್ತದೆ, ಒಂದಕ್ಕೆ ಬಂದಾಗ ಒತ್ತಡ ಹೊರುವ ಮುಖ್ಯ ಸಾಲು ಮಾತ್ರ, ಅದೂ ಕ್ಷೀಣವಾಗಿ. ಒಂದೇ ಚಿತ್ರಕ್ಕೆ ಇಬ್ಬರು ವೈದ್ಯರು ಎರಡು ಅಂಕ ಕೊಡುತ್ತಾರೆಂಬ ದೂರಿನಿಂದ ಡೆಕ್ಸಾ ಬಂದ ಮೇಲೆ ಅದು ಹಿಂದೆ ಸರಿಯಿತು. ದೂರು ನಿಜವೇ. ಆದರೆ ಸಿಂಗ್ ಮತ್ತು ಗೆಳೆಯರು ಎಣಿಸುತ್ತಿದ್ದುದು ಜೋಡಣೆಯನ್ನು. ಯಂತ್ರ ನಿಖರವಾದಾಗ ನಾವು ಆ ಪ್ರಶ್ನೆಯನ್ನೇ ಕೈಬಿಟ್ಟೆವು. ಈಗ ಡೆಕ್ಸಾ ಚಿತ್ರದ ಬೂದುಬಣ್ಣದ ಏರಿಳಿತದಿಂದ ಜಾಲದ ಸ್ಥಿತಿಯನ್ನು ಊಹಿಸುವ ಟ್ರಾಬೆಕ್ಯುಲರ್ ಬೋನ್ ಸ್ಕೋರ್ ಎಂಬ ಲೆಕ್ಕ ಬಂದಿದೆ, ಅದೇ ಪ್ರಶ್ನೆ ಹೊಸ ಸಾಫ್ಟ್‌ವೇರಿನಲ್ಲಿ ಮರಳಿದಂತೆ.

ಜೋಡಣೆಯನ್ನು ಮೂರು ಆಯಾಮದಲ್ಲಿ ನೇರ ನೋಡಲು ಸಾಧ್ಯವಾದದ್ದು ಒಂದು ಕಾರು ಕಂಪನಿಯ ದೆಸೆಯಿಂದ. ಫೋರ್ಡ್‌ನ ಸಂಶೋಧಕ ಲೀ ಫೆಲ್ಡ್‌ಕ್ಯಾಂಪ್ ಕಾರಿನ ಸೆರಾಮಿಕ್ ಬಿಡಿಭಾಗಗಳೊಳಗಿನ ಬಿರುಕು ಹುಡುಕಲು ರೂಪಿಸಿದ ಸೂಕ್ಷ್ಮ ಸಿ.ಟಿ. ವಿಧಾನದಲ್ಲಿ ಪಾರ್ಫಿಟ್ ಮುಂತಾದವರ ಜೊತೆ ಸೇರಿ ಮೂಳೆಯ ಚೂರುಗಳನ್ನು ನೋಡಿ 1989ರಲ್ಲಿ ಪ್ರಕಟಿಸಿದ. ತೆಳ್ಳನೆಯ ಸೀಳಿನಲ್ಲಿ ಕಡಿದ ತೊಲೆಯೂ ಸೀಳಿನಿಂದಾಚೆ ಹಾದುಹೋದ ತೊಲೆಯೂ ಒಂದೇ ಥರ ಕಾಣುತ್ತಿದ್ದವು. ಆ ಗೊಂದಲ ಮುಗಿಯಿತು.

ಮೂಳೆ ಹೆಚ್ಚಿದ್ದರೂ ಬಲ ಇಲ್ಲದಿರಬಹುದೇ? ಇದಕ್ಕೆ ಉತ್ತರ ಕರ್ನಾಟಕದ ಕೊಳವೆಬಾವಿಗಳಲ್ಲಿದೆ. ಪಾವಗಡ, ಮುಂಡರಗಿ, ಬಾಗೇಪಲ್ಲಿ ಕಡೆಯ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನಿನ ಎಕ್ಸ್‌ರೇ ಬೆಳ್ಳಗೆ, ದಟ್ಟವಾಗಿ ಕಾಣುತ್ತದೆ. ಸಾಂದ್ರತೆಯ ಅಂಕೆಯನ್ನಷ್ಟೇ ನೋಡಿದರೆ ಅಸೂಯೆಪಡಬೇಕು. ಆದರೆ ಆ ಬೆನ್ನು ಬಗ್ಗುವುದಿಲ್ಲ, ಮೂಳೆಗಳನ್ನು ಬಿಗಿದ ಕಟ್ಟುಗಳೆಲ್ಲ ಸುಣ್ಣಗಟ್ಟಿರುತ್ತವೆ, ಮೂಳೆ ಪೆಡಸಾಗಿರುತ್ತದೆ. ಫ್ಲೋರೈಡ್ ಮೂಳೆ ಕಟ್ಟುವ ಕೋಶಗಳನ್ನು ಕೆರಳಿಸುತ್ತದೆ ಎಂಬ ಆಸೆಯಿಂದ ಅದನ್ನು ಔಷಧಿಯಾಗಿ ಕೊಟ್ಟು ನೋಡಿದ್ದೂ ಉಂಟು. ಅಮೆರಿಕದ ಮೇಯೊ ಕ್ಲಿನಿಕ್‌ನ ಲಾರೆನ್ಸ್ ರಿಗ್ಸ್ ನೇತೃತ್ವದ ತಂಡ 202 ಹೆಂಗಸರ ಮೇಲೆ ನಾಲ್ಕು ವರ್ಷ ನಡೆಸಿದ ಪ್ರಯೋಗದ ಫಲಿತಾಂಶ 1990ರಲ್ಲಿ ಬಂತು. ಸೋಡಿಯಂ ಫ್ಲೋರೈಡ್ ತೆಗೆದುಕೊಂಡವರ ಬೆನ್ನಿನ ಸಾಂದ್ರತೆ ನೂರಕ್ಕೆ 35ರಷ್ಟು ಏರಿತ್ತು. ಬೆನ್ನಿನ ಮಣಿಗಳು ಕುಸಿಯುವುದು ಗಣನೀಯವಾಗಿ ಕಡಿಮೆಯಾಗಲಿಲ್ಲ, ಉಳಿದ ಮೂಳೆಗಳ ಮುರಿತ ಸುಮಾರು ಮೂರು ಪಟ್ಟಾಯಿತು. ಸಾಂದ್ರತೆಯೇ ಬಲ ಎಂಬ ನಂಬಿಕೆಗೆ ಇದಕ್ಕಿಂತ ದುಬಾರಿ ಪೆಟ್ಟು ಬೇರೆ ಬಿದ್ದಿಲ್ಲ.

ಮುಂಬಯಿಯಲ್ಲಿ ತೊಂದರೆ ಬೇರೆ ಥರದ್ದು. ಇಲ್ಲಿನ ಕೆ.ಇ.ಎಂ. ಆಸ್ಪತ್ರೆಯ ವೈದ್ಯರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರೋಗ್ಯವಂತ ಯುವಜನರಲ್ಲೂ ಬಹುಪಾಲು ಮಂದಿಗೆ ವಿಟಮಿನ್ ಡಿ ಕೊರತೆ ಕಂಡಿತು. ಅದು ತೊಲೆಗಳ ಜೋಡಣೆಗಿಂತ ಅವುಗಳ ಖನಿಜ ತುಂಬುವಿಕೆಯ ವಿಷಯ, ಮುಂದಿನ ಅಧ್ಯಾಯಕ್ಕಿರಲಿ.

ಸೊಂಟದ ಮುರಿತದ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಎಪ್ಪತ್ತು ವರ್ಷ ನಡೆದು, ಮೆಟ್ಟಿಲು ಹತ್ತಿ, ಲೋಕಲಿನಲ್ಲಿ ನಿಂತು ತೊಡೆಮೂಳೆಯ ಕತ್ತು ತನ್ನ ತೊಲೆಗಳನ್ನು ಆ ಭಾರಗಳಿಗೇ ಹೊಂದಿಸಿಕೊಂಡಿದೆ. ಬಚ್ಚಲಲ್ಲಿ ಜಾರಿ ಮಗ್ಗುಲಾಗಿ ಬಿದ್ದಾಗ ಬಲ ಹೊರಬದಿಯಿಂದ ಬರುತ್ತದೆ. ಬದುಕಿಡೀ ಎಳೆತಕ್ಕೆ ಅಣಿಯಾಗಿದ್ದ ಮೇಲ್ಬದಿ ಹಠಾತ್ತನೆ ಒತ್ತಡಕ್ಕೆ ಸಿಗುತ್ತದೆ. ನಡಿಗೆಯಲ್ಲಿ ಹೆಚ್ಚು ಕೆಲಸವಿಲ್ಲದ ಕಾರಣ ಅಲ್ಲಿನ ಹೊರಪದರವೂ ವಯಸ್ಸಿನೊಂದಿಗೆ ತೆಳುವಾಗಿರುತ್ತದೆ. ಸೊಂಟದ ಮುರಿತಗಳಲ್ಲಿ ಬಹುಪಾಲು ಹೀಗೆ ಮಗ್ಗುಲಾಗಿ ಬೀಳುವುದರಿಂದಲೇ ಆಗುವುದು.

ಚಿಕಿತ್ಸೆಯನ್ನೂ ಜೋಡಣೆಯ ಕಣ್ಣಿನಿಂದ ನೋಡಿದರೆ ಔಷಧಿಗಳು ಎರಡು ಪಂಗಡ. ಅಲೆಂಡ್ರೊನೇಟ್, ಜೋಲೆಡ್ರೊನೇಟ್‌ನಂಥವು ತೋಡುವವರನ್ನು ತಡೆಯುತ್ತವೆ. ಇರುವ ತೊಲೆಗಳು ಉಳಿಯುತ್ತವೆ, ತೋಡಿದ ಗುಳಿಗಳು ತುಂಬಿಕೊಳ್ಳುತ್ತವೆ. ಟೆರಿಪ್ಯಾರಟೈಡ್ ಕಟ್ಟುವವರನ್ನು ಎಬ್ಬಿಸುತ್ತದೆ, ದಿನವೂ ಚುಚ್ಚಿಕೊಳ್ಳಬೇಕು. ಅಮೆರಿಕದಲ್ಲಿ 2019ರಲ್ಲಿ ಮಂಜೂರಾದ ರೊಮೊಸೊಜುಮ್ಯಾಬ್‌ನದು ಇನ್ನೂ ಕುತೂಹಲದ ದಾರಿ. ಭಾರವನ್ನು ಓದುವ ಆಸ್ಟಿಯೊಸೈಟ್‌ಗಳು ಸ್ಕ್ಲೆರೊಸ್ಟಿನ್ ಎಂಬ ಪ್ರೋಟೀನ್ ಸ್ರವಿಸಿ ಮೂಳೆ ಕಟ್ಟುವುದಕ್ಕೆ ಕಡಿವಾಣ ಹಾಕಿರುತ್ತವೆ. ಭಾರ ಬಿದ್ದಾಗ ಅದನ್ನು ಸಡಿಲಿಸುತ್ತವೆ. ಈ ಔಷಧಿ ಸ್ಕ್ಲೆರೊಸ್ಟಿನ್ನನ್ನು ಹಿಡಿದಿಡುತ್ತದೆ, ಭಾರ ಬೀಳದೆಯೇ ಭಾರ ಬಿತ್ತೆಂಬ ಸುದ್ದಿ ಹಬ್ಬಿಸಿದಂತೆ. 2017ರಲ್ಲಿ ಪ್ರಕಟವಾದ, ನಾಲ್ಕು ಸಾವಿರಕ್ಕೂ ಹೆಚ್ಚು ಹೆಂಗಸರು ಪಾಲ್ಗೊಂಡ ಪ್ರಯೋಗದಲ್ಲಿ ಒಂದು ವರ್ಷ ಇದನ್ನು ಕೊಟ್ಟು ಆಮೇಲೆ ಅಲೆಂಡ್ರೊನೇಟ್ ಕೊಟ್ಟವರಲ್ಲಿ, ಮೊದಲಿನಿಂದಲೂ ಅಲೆಂಡ್ರೊನೇಟ್ ಮಾತ್ರ ಪಡೆದವರಿಗಿಂತ ಬೆನ್ನಿನ ಮಣಿಗಳ ಹೊಸ ಮುರಿತ ನೂರಕ್ಕೆ 48ರಷ್ಟು ಕಡಿಮೆಯಿತ್ತು. ಹೃದಯಾಘಾತ, ಪಾರ್ಶ್ವವಾಯು ಕಂಡವರಿಗೆ ಅದು ತಕ್ಕದ್ದಲ್ಲ ಎಂಬ ಎಚ್ಚರಿಕೆಯೂ ಅದೇ ಪ್ರಯೋಗದಿಂದ ಬಂತು. ಮುರಿತದ ಅಪಾಯ ತೀರ ಹೆಚ್ಚಿರುವವರಲ್ಲಿ ಮೊದಲು ಕಟ್ಟಿಸಿ, ಆಮೇಲೆ ತೋಡುವುದನ್ನು ತಡೆಯುವ ಈ ಕ್ರಮವನ್ನು ಮೂಳೆ ತಜ್ಞರು ಈಗ ಹೆಚ್ಚು ಒಪ್ಪುತ್ತಿದ್ದಾರೆ. ಹೊಸ ಮೂಳೆ ಕೂರಲು ಒಂದು ಮೈ ಬೇಕು. ಅಡ್ಡತೊಲೆಗಳು ಇನ್ನೂ ಕಡಿಯದೆ ಉಳಿದಿರುವಾಗ ಕಟ್ಟುವವರಿಗೆ ಹೆಚ್ಚು ಮೈ ಸಿಗುತ್ತದೆ.